ಪ್ರತಿಕಾಯದ ಸಾಕ್ಷ್ಯ: ಯಕೃತ್ತಿನ ಕ್ಯಾನ್ಸರ್ ಪತ್ತೆಯಲ್ಲಿ ರಕ್ತದ ಸೂಚಕಗಳನ್ನು ಓದುವ ಬಗೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳ್ತಾ ಉಂಟು ಅಂದುಕೊಳ್ಳುತ್ತೇನೆ. ಮಧೂರಿನಲ್ಲಿ ಮಧ್ಯಾಹ್ನದಿಂದ ಮಳೆ, ನೆಟ್‌ವರ್ಕ್ ನಡುವೆ ಹೋದರೆ ದಯವಿಟ್ಟು ತಿಳಿಸಿ.

ಕನ್ನಡ ಎಂ.ಎ. ವಿದ್ಯಾರ್ಥಿ ಯಕೃತ್ತಿನ ಕ್ಯಾನ್ಸರಿನ ಬಗ್ಗೆ ಯಾಕೆ ಮಾತಾಡ್ತಾನೆ ಅಂತ ನಿಮಗೆ ಅನ್ನಿಸಬಹುದು. ಕಾರಣ ನಮ್ಮ ಮನೆಗೆ ಬಂದ ಎರಡು ಕಾಗದಗಳು. ಮೊದಲನೆಯದು ನನ್ನ ತಂಗಿಯದು. ನರ್ಸಿಂಗ್ ಸೇರುವ ಮೊದಲು ಮಾಡಿಸಿದ ರಕ್ತಪರೀಕ್ಷೆಯಲ್ಲಿ ‘ಆಂಟಿ-ಎಚ್‌ಬಿಎಸ್ ಪಾಸಿಟಿವ್’ ಅಂತ ಇತ್ತು. ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ. ಎರಡನೆಯದು ಸೋದರಮಾವನದು. ಅವರಿಗೆ ಹೆಪಟೈಟಿಸ್ ಬಿ ಇದ್ದದ್ದು ಹಿಂದೊಮ್ಮೆ ರಕ್ತದಾನ ಮಾಡಲು ಹೋದಾಗ ಗೊತ್ತಾಗಿತ್ತು. ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ರಕ್ತಪರೀಕ್ಷೆಯೂ ಇತ್ತು, ಹೊಟ್ಟೆಯ ಸ್ಕ್ಯಾನಿಂಗೂ ಇತ್ತು. ರಕ್ತದ ರಿಪೋರ್ಟ್ ಮೊದಲು ಬಂತು. ಎಎಫ್‌ಪಿ ಎಂಬ ಸಾಲಿನ ಮುಂದೆ ಇದ್ದ ಅಂಕಿ ಮಿತಿಯ ಒಳಗಿತ್ತು. ಫೋನಿನಲ್ಲಿ ಅದನ್ನು ಓದಿ ಹೇಳಿದವನು ನಾನೇ: “ನಾರ್ಮಲ್ ಉಂಟು ಮಾವ, ಹೆದರುವುದು ಬೇಡ.” ಅಡಿಕೆ ಕೊಯ್ಲಿನ ಸಮಯ. ಸ್ಕ್ಯಾನಿಂಗ್ ಆಮೇಲೆ ಮಾಡಿಸಿದರಾಯಿತು ಅಂತ ಎಲ್ಲರೂ ಸೇರಿ ಮುಂದೆ ಹಾಕಿದೆವು. ಐದು ತಿಂಗಳ ನಂತರ ಹೊಟ್ಟೆನೋವು ಬಂದು ಸ್ಕ್ಯಾನ್ ಮಾಡಿಸಿದಾಗ ಯಕೃತ್ತಿನಲ್ಲಿ ಗೆಡ್ಡೆ ಸಾಕಷ್ಟು ಬೆಳೆದಿತ್ತು. ಮಾವ ಈಗ ಇಲ್ಲ.

ತಂಗಿಯ ‘ಪಾಸಿಟಿವ್’ ಒಳ್ಳೆಯ ಸುದ್ದಿಯಾಗಿತ್ತು, ಲಸಿಕೆ ಕೆಲಸ ಮಾಡಿದೆ ಎಂದಷ್ಟೇ ಅದರ ಅರ್ಥ. ಮಾವನ ‘ನಾರ್ಮಲ್’ ನಾವು ಅಂದುಕೊಂಡ ಅರ್ಥದ ನಾರ್ಮಲ್ ಆಗಿರಲಿಲ್ಲ. ಒಂದೇ ಮನೆಯಲ್ಲಿ ಎರಡು ಪಠ್ಯಗಳನ್ನು ನಾವು ತಪ್ಪಾಗಿ ಓದಿದೆವು. ಓದುವುದನ್ನೇ ಕಲಿಯುವ ವಿಭಾಗದಲ್ಲಿ ಕೂತಿರುವ ನಾನು ಈ ಓದನ್ನೂ ಸರಿಯಾಗಿ ಕಲಿಯಬೇಕು ಅನ್ನಿಸಿತು. ಅದರ ಫಲ ಈ ಪ್ರಬಂಧ.

1. ಕರಳ್, ಕರುಳು ಮತ್ತು ಯಕೃತ್ತು

ಮೊದಲು ಹೆಸರಿನ ತೊಡಕು. ಮಲಯಾಳದಲ್ಲಿ ‘ಕರಳ್’ ಅಂದರೆ ಲಿವರ್. ಕನ್ನಡದಲ್ಲಿ ‘ಕರುಳು’ ಅಂದರೆ ಆಹಾರ ಸಾಗುವ ನಾಳ. ಆಸ್ಪತ್ರೆಯಲ್ಲಿ ಮಲಯಾಳದಲ್ಲಿ “ಕರಳಿಗೆ ತೊಂದರೆ” ಎಂದು ಹೇಳಿದರೆ ಮಧೂರಿನ ಕನ್ನಡದ ಅಜ್ಜಿಗೆ ಅದು ಹೊಟ್ಟೆ ಕೆಟ್ಟ ಹಾಗೆ ಕೇಳಿಸುತ್ತದೆ. ಪಠ್ಯಪುಸ್ತಕದ ‘ಯಕೃತ್ತು’, ‘ಪಿತ್ತಜನಕಾಂಗ’ ಎರಡೂ ಅವರಿಗೆ ಪರಿಚಯವಿಲ್ಲ. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ರಿಪೋರ್ಟು ಇಂಗ್ಲಿಷಿನಲ್ಲಿ – ಇದು ಕಾಸರಗೋಡಿನ ರೋಗಿಯ ಸ್ಥಿತಿ. ಆದ್ದರಿಂದ ಈ ಪ್ರಬಂಧದಲ್ಲಿ ಯಕೃತ್ತು ಅಂದಾಗಲೆಲ್ಲ ಲಿವರ್ ಅಂತಲೇ ತಿಳಿಯಿರಿ.

ಇನ್ನೊಂದು ಪದ ‘ಪ್ರತಿಕಾಯ’. ಇಂಗ್ಲಿಷಿನ ಆಂಟಿಬಾಡಿಯನ್ನು ಬಿಡಿಸಿ, ‘ಆಂಟಿ’ಗೆ ಪ್ರತಿ, ‘ಬಾಡಿ’ಗೆ ಕಾಯ ಅಂತ ಇಟ್ಟು ಕಟ್ಟಿದ ಪದ. ಹೊರಗಿನಿಂದ ಬಂದ ವಸ್ತುವನ್ನು, ಕೆಲವೊಮ್ಮೆ ಒಳಗಿನದೇ ಆದ ಅಪರಿಚಿತ ವಸ್ತುವನ್ನು ಗುರುತಿಸಿ ಅದಕ್ಕೆ ಅಂಟಿಕೊಳ್ಳುವ ಪ್ರೋಟೀನು ಇದು. ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯವು ಇದನ್ನು ತಯಾರಿಸುತ್ತವೆ. ಯಾವುದಕ್ಕೆ ಅಂಟಿಕೊಳ್ಳುತ್ತದೋ ಅದು ‘ಪ್ರತಿಜನಕ’. ಒಂದು ಪ್ರತಿಕಾಯ ಸಾಮಾನ್ಯವಾಗಿ ತನಗೆ ಹೊಂದುವ ಒಂದೇ ಆಕಾರವನ್ನು ಹಿಡಿಯುತ್ತದೆ. ಬೀಗಕ್ಕೆ ಅದರದೇ ಕೀಲಿಕೈ ಇದ್ದ ಹಾಗೆ.

2. ಒಂದೇ ಪದ, ಮೂರು ಕೆಲಸ

ಲಿವರಿಗೆ ಸಂಬಂಧಿಸಿದ ರಿಪೋರ್ಟುಗಳಲ್ಲಿ ಪ್ರತಿಕಾಯ ಮೂರು ಬೇರೆ ಬೇರೆ ಪಾತ್ರಗಳಲ್ಲಿ ಬರುತ್ತದೆ. ನಮ್ಮ ಗೊಂದಲದ ಮೂಲ ಇರುವುದು ಇಲ್ಲಿ.

ಮೊದಲನೆಯದು ನೆನಪು. ಆಂಟಿ-ಎಚ್‌ಬಿಎಸ್ ಎನ್ನುವುದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ. ಲಸಿಕೆ ಹಾಕಿಸಿಕೊಂಡವರಲ್ಲಿ ಅದು ಇರಬೇಕು. ಆದರೆ ಆಂಟಿ-ಎಚ್‌ಸಿವಿ ಪಾಸಿಟಿವ್ ಬಂದರೆ ಹೆಪಟೈಟಿಸ್ ಸಿ ವೈರಸ್ ಯಾವಾಗಲೋ ದೇಹಕ್ಕೆ ಬಂದಿತ್ತು ಎಂದರ್ಥ. ಈಗಲೂ ಇದೆಯೇ ಎಂದು ತಿಳಿಯಲು ವೈರಸ್ಸಿನ ಆರ್‌ಎನ್‌ಎ ಪರೀಕ್ಷೆ ಬೇರೆಯೇ ಆಗಬೇಕು. ಎರಡೂ ಪ್ರತಿಕಾಯಗಳೇ, ಎರಡರ ಮುಂದೆಯೂ ‘ಪಾಸಿಟಿವ್’ ಎಂದೇ ಬರೆದಿರುತ್ತದೆ. ಒಂದು ರಕ್ಷಣೆಯನ್ನು ಹೇಳಿದರೆ ಇನ್ನೊಂದು ಎಚ್ಚರಿಕೆಯನ್ನು ಹೇಳುತ್ತದೆ.

ಎರಡನೆಯದು ಉಪಕರಣ. ಅಮೆರಿಕದ ಬರೂಕ್ ಬ್ಲಂಬರ್ಗ್ ಮತ್ತು ಸಂಗಡಿಗರು 1960ರ ದಶಕದಲ್ಲಿ, ಹಲವು ಬಾರಿ ರಕ್ತ ಪಡೆದಿದ್ದ ಹೀಮೋಫಿಲಿಯಾ ರೋಗಿಯೊಬ್ಬನ ಪ್ರತಿಕಾಯಗಳನ್ನು ಜಗತ್ತಿನ ಬೇರೆ ಬೇರೆ ಜನರ ರಕ್ತದೊಂದಿಗೆ ಹಾಯಿಸಿ ನೋಡುತ್ತಿದ್ದರು. ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಅವು ಏನನ್ನೋ ಹಿಡಿದವು. 1965ರಲ್ಲಿ ಪ್ರಕಟವಾದ ಆ ‘ಆಸ್ಟ್ರೇಲಿಯಾ ಪ್ರತಿಜನಕ’ವೇ ಮುಂದೆ ಹೆಪಟೈಟಿಸ್ ಬಿ ವೈರಸ್ಸಿನ ಕವಚ ಎಂದು ಗೊತ್ತಾಯಿತು. ಇಂದು ರಿಪೋರ್ಟಿನಲ್ಲಿ ಎಚ್‌ಬಿಎಸ್‌ಎಜಿ ಎಂದು ಬರುವುದು ಅದೇ. 1976ರಲ್ಲಿ ಬ್ಲಂಬರ್ಗ್ ಅವರಿಗೆ ನೊಬೆಲ್ ಬಂತು. ಇಲ್ಲಿ ಪ್ರತಿಕಾಯ ಹುಡುಕಲ್ಪಟ್ಟ ವಸ್ತುವಲ್ಲ, ಹುಡುಕಿದ ಕೈ. ಇವತ್ತಿನ ಎಎಫ್‌ಪಿ ಪರೀಕ್ಷೆಯಲ್ಲೂ ಹಾಗೆಯೇ: ಲ್ಯಾಬಿನವರು ಬಳಸುವುದು ಪ್ರತಿಕಾಯ, ಅಳೆಯುವುದು ಬೇರೊಂದು ಪ್ರೋಟೀನನ್ನು.

ಮೂರನೆಯದು ಸಾಕ್ಷಿ. ಕ್ಯಾನ್ಸರ್ ಕೋಶಗಳು ತಯಾರಿಸುವ ವಿಚಿತ್ರ ಪ್ರೋಟೀನುಗಳನ್ನು ಕಂಡು ದೇಹ ತನ್ನದೇ ಪ್ರೋಟೀನಿನ ವಿರುದ್ಧ ಮಾಡುವ ‘ಸ್ವಪ್ರತಿಕಾಯ’ಗಳು ಇವು. ಇಂದಿನ ನನ್ನ ಮುಖ್ಯ ವಿಷಯ ಇದು. ಆದರೆ ಇದಕ್ಕೆ ಬರುವ ಮೊದಲು ರೋಗ ಹೇಗೆ ಬರುತ್ತದೆ ಎಂದು ನೋಡಬೇಕು.

3. ಮೈಸೂರಿನ ಮಕ್ಕಳು, ನಮ್ಮ ಕೊಬ್ಬರಿ

ಲಿವರಿನಲ್ಲೇ ಹುಟ್ಟುವ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಅದರ ಮುಖ್ಯ ಕೋಶಗಳಿಂದ ಹುಟ್ಟುವಂಥವು. 2022ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 8.66 ಲಕ್ಷ ಮಂದಿಗೆ ಲಿವರ್ ಕ್ಯಾನ್ಸರ್ ಬರುತ್ತದೆ, ಸುಮಾರು 7.58 ಲಕ್ಷ ಮಂದಿ ಅದರಿಂದ ಸಾಯುತ್ತಾರೆ. ಈ ಎರಡು ಅಂಕಿಗಳು ಇಷ್ಟು ಹತ್ತಿರ ಇರುವುದೇ ರೋಗ ತಡವಾಗಿ ಗೊತ್ತಾಗುತ್ತದೆ ಎನ್ನುವುದಕ್ಕೆ ಗುರುತು. ಹೆಪಟೈಟಿಸ್ ಬಿ, ಸಿ, ಮದ್ಯ, ಲಿವರಿನಲ್ಲಿ ಕೊಬ್ಬು ಶೇಖರವಾಗುವುದು – ಇವು ದೊಡ್ಡ ಕಾರಣಗಳು. ವರ್ಷಗಟ್ಟಲೆ ಗಾಯವಾಗಿ ಮಾಯುತ್ತಾ ಲಿವರ್ ಗಟ್ಟಿಯಾಗಿ ಗಂಟುಗಂಟಾಗುವ ಸ್ಥಿತಿಗೆ ಸಿರೋಸಿಸ್ ಅನ್ನುತ್ತಾರೆ. ಹೆಚ್ಚಿನ ಕ್ಯಾನ್ಸರ್ ಅಂಥ ಲಿವರಿನಲ್ಲೇ ಹುಟ್ಟುತ್ತದೆ. ಆದರೆ ಹೆಪಟೈಟಿಸ್ ಬಿ ಇದ್ದವರಿಗೆ ಸಿರೋಸಿಸ್ ಆಗದೆಯೂ ಬರಬಹುದು.

ಇನ್ನೊಂದು ಕಾರಣ ಬೂಷ್ಟು. ಒಣಗದ ನೆಲಗಡಲೆ, ಜೋಳ, ಕೊಬ್ಬರಿಗಳ ಮೇಲೆ ಬೆಳೆಯುವ ಒಂದು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಮಾಡುತ್ತದೆ. ಈ ಕತೆಯ ಒಂದು ಅಧ್ಯಾಯ ಮೈಸೂರಿನದು. ಅಪೌಷ್ಟಿಕತೆಯ ಮಕ್ಕಳಿಗೆ ಪ್ರೋಟೀನ್ ಸಿಗಲಿ ಎಂದು ಕೊಟ್ಟ ನೆಲಗಡಲೆ ಹಿಟ್ಟಿನಲ್ಲಿ ಅಫ್ಲಾಟಾಕ್ಸಿನ್ ಸೇರಿಹೋಗಿತ್ತು. ಕೆಲವು ಮಕ್ಕಳ ಲಿವರ್ ಸಿರೋಸಿಸ್‌ಗೆ ತಿರುಗಿದ್ದನ್ನು ಮೈಸೂರಿನ ಮಕ್ಕಳ ವೈದ್ಯರು ಮತ್ತು ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಸೇರಿ 1971ರಲ್ಲಿ ವರದಿ ಮಾಡಿದರು. ಒಳ್ಳೆಯದಾಗಲಿ ಎಂದು ಕೊಟ್ಟದ್ದೇ ಕೆಡುಕಾದ ಪ್ರಸಂಗ ಅದು. ಮಳೆಗಾಲದಲ್ಲಿ ಅಟ್ಟದ ಮೇಲಿನ ಕೊಬ್ಬರಿಗೆ ಬೂಷ್ಟು ಬಂದರೆ ಒರಸಿ ಗಾಣಕ್ಕೆ ಕೊಡುವ ನಮ್ಮೂರಿನವರು ಇದನ್ನು ನೆನಪಿಟ್ಟುಕೊಳ್ಳಬೇಕು. ಬೂಷ್ಟು ಒರಸಿದರೆ ಹೋಗುತ್ತದೆ, ವಿಷ ಒಳಗೆ ಉಳಿದಿರಬಹುದು.

ಅಫ್ಲಾಟಾಕ್ಸಿನ್ನಿಗೂ ಪ್ರತಿಕಾಯಕ್ಕೂ ಒಂದು ನೇರ ದಾರಿ ಉಂಟು. ನಮ್ಮ ಕೋಶಗಳಲ್ಲಿ ಪಿ53 ಎಂಬ ಪ್ರೋಟೀನು ಇದೆ. ಕೋಶದ ಡಿಎನ್‌ಎಗೆ ಏಟು ಬಿದ್ದಾಗ ವಿಭಜನೆ ನಿಲ್ಲಿಸುವುದು ಅದರ ಕೆಲಸ. 1991ರಲ್ಲಿ ಎರಡು ಸಂಶೋಧನಾ ತಂಡಗಳು, ಚೀನಾದ ಚಿದೋಂಗ್ ಮತ್ತು ಆಫ್ರಿಕದ ದಕ್ಷಿಣ ಭಾಗದ ರೋಗಿಗಳಲ್ಲಿ, ಅಂದರೆ ಅಫ್ಲಾಟಾಕ್ಸಿನ್ ಹೆಚ್ಚಿರುವ ಕಡೆಗಳಲ್ಲಿ, ಪಿ53 ವಂಶವಾಹಿಯ 249ನೆಯ ಸ್ಥಾನದಲ್ಲೇ ಮತ್ತೆ ಮತ್ತೆ ಒಂದೇ ಅಕ್ಷರ ಬದಲಾಗಿರುವುದನ್ನು ಕಂಡವು. ಲಿಪಿಕಾರ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುತ್ತಾ ಹೋದ ಹಾಗೆ. ಸಹಜ ಪಿ53 ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಕೆಟ್ಟುಹೋದ ಪಿ53 ಹಲವು ಸಲ ಕರಗದೆ ಕೋಶದೊಳಗೆ ರಾಶಿಬೀಳುತ್ತದೆ. ಆ ರಾಶಿ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬಿದ್ದಾಗ ಅದರ ವಿರುದ್ಧ ಪ್ರತಿಕಾಯ ಹುಟ್ಟುತ್ತದೆ.

4. ಎಎಫ್‌ಪಿ: ಹಳೆಯ ಸೂಚಕ, ಅದರ ಮಿತಿ

ಈಗ ಮಾವನ ರಿಪೋರ್ಟಿಗೆ ಬರುತ್ತೇನೆ. ಎಎಫ್‌ಪಿ ಅಂದರೆ ಆಲ್ಫಾ-ಫೀಟೋಪ್ರೋಟೀನ್. ಗರ್ಭದಲ್ಲಿರುವ ಶಿಶುವಿನ ಲಿವರ್ ಇದನ್ನು ಧಾರಾಳವಾಗಿ ಮಾಡುತ್ತದೆ, ಹುಟ್ಟಿದ ಮೇಲೆ ಇದು ಹೆಚ್ಚುಕಡಿಮೆ ನಿಂತುಹೋಗುತ್ತದೆ. 1963ರಲ್ಲಿ ಸೋವಿಯತ್ ವಿಜ್ಞಾನಿ ಅಬೆಲೆವ್ ಲಿವರ್ ಗೆಡ್ಡೆ ಇದ್ದ ಇಲಿಗಳಲ್ಲಿ, ಮರುವರ್ಷ ತಾತಾರಿನೊವ್ ಮನುಷ್ಯರಲ್ಲಿ ಇದು ಮರಳಿ ಕಾಣಿಸಿಕೊಳ್ಳುವುದನ್ನು ತೋರಿಸಿದರು. ಕ್ಯಾನ್ಸರ್ ಕೋಶ ತನ್ನ ಬಾಲ್ಯದ ಭಾಷೆಗೆ ಮರಳಿತು ಅನ್ನಬಹುದು.

ತೊಂದರೆ ಏನೆಂದರೆ ಎಲ್ಲ ಗೆಡ್ಡೆಗಳೂ ಆ ಭಾಷೆಗೆ ಮರಳುವುದಿಲ್ಲ. ಮಿಲಿಲೀಟರಿಗೆ 20 ನ್ಯಾನೊಗ್ರಾಂ ಎಂಬ ಗಡಿ ಇಟ್ಟುಕೊಂಡರೆ ಎಎಫ್‌ಪಿ ಹಿಡಿಯುವುದು ಸುಮಾರು ನೂರರಲ್ಲಿ ಅರುವತ್ತು ಕ್ಯಾನ್ಸರುಗಳನ್ನು. ಗೆಡ್ಡೆ ಚಿಕ್ಕದಿರುವಾಗ, ಅಂದರೆ ಚಿಕಿತ್ಸೆಗೆ ಹೆಚ್ಚು ಅವಕಾಶ ಇರುವಾಗ, ತಪ್ಪಿಹೋಗುವ ಸಂಭವ ಇನ್ನೂ ಹೆಚ್ಚು. ಇನ್ನೊಂದು ಕಡೆ ಹೆಪಟೈಟಿಸ್ ಉಲ್ಬಣಿಸಿದಾಗ, ಗರ್ಭಿಣಿಯರಲ್ಲಿ, ಬೇರೆ ಕೆಲವು ಗೆಡ್ಡೆಗಳಲ್ಲೂ ಇದು ಏರುತ್ತದೆ. ಹಾಗಾಗಿ ಎಎಫ್‌ಪಿ ನಾರ್ಮಲ್ ಅಂದರೆ ‘ಈ ಸಾಕ್ಷಿ ಏನನ್ನೂ ಹೇಳಲಿಲ್ಲ’ ಎಂದರ್ಥ. ‘ಏನೂ ನಡೆದಿಲ್ಲ’ ಎಂದಲ್ಲ. ಫೋನಿನಲ್ಲಿ ನಾನು ಮೊದಲನೆಯ ವಾಕ್ಯದ ಬದಲು ಎರಡನೆಯದನ್ನು ಓದಿದೆ.

5. ಸ್ವಪ್ರತಿಕಾಯಗಳು

ಗೆಡ್ಡೆ ಚಿಕ್ಕದಿದ್ದರೆ ಅದು ರಕ್ತಕ್ಕೆ ಬಿಡುವ ಪ್ರೋಟೀನೂ ಅತ್ಯಲ್ಪ. ಆದರೆ ರೋಗನಿರೋಧಕ ವ್ಯವಸ್ಥೆ ಅಲ್ಪವನ್ನು ಕಂಡರೂ ಪ್ರತಿಕಾಯವನ್ನು ಬಹಳ ಸಂಖ್ಯೆಯಲ್ಲಿ ಮಾಡುತ್ತದೆ. ಅವು ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತವೆ, ಅಳೆಯುವುದೂ ಸುಲಭ. ಒಂದು ಸಣ್ಣ ಪಿಸುಮಾತನ್ನು ಧ್ವನಿವರ್ಧಕಕ್ಕೆ ಕೊಟ್ಟ ಹಾಗೆ. ಹಾಗಾದರೆ ಗೆಡ್ಡೆಯನ್ನು ಹುಡುಕುವ ಬದಲು ಗೆಡ್ಡೆಯನ್ನು ಕಂಡವರನ್ನು ಹುಡುಕಬಾರದೇಕೆ? ಈ ಸಂಶೋಧನೆಯ ಹಿಂದಿನ ವಿಚಾರ ಇಷ್ಟೇ.

ಪಿ53ಗೆ ವಿರುದ್ಧವಾದ ಪ್ರತಿಕಾಯವನ್ನು ಮೊದಲು ಕಂಡದ್ದು 1982ರಲ್ಲಿ, ಸ್ತನ ಕ್ಯಾನ್ಸರ್ ರೋಗಿಗಳಲ್ಲಿ. ಲಿವರಿನ ವಿಷಯದಲ್ಲಿ ಹೆಚ್ಚು ಕೆಲಸ ಮಾಡಿದ್ದು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಎಂಗ್ ಟಾನ್ ಅವರ ಬಳಗ. ಹೆಪಟೈಟಿಸ್, ಸಿರೋಸಿಸ್ ಇದ್ದ ರೋಗಿಗಳ ರಕ್ತವನ್ನು ವರ್ಷಗಳ ಕಾಲ ತೆಗೆದಿಟ್ಟು ನೋಡಿದಾಗ, ಕೆಲವರಲ್ಲಿ ಕ್ಯಾನ್ಸರ್ ಕಾಣಿಸುವ ಹೊತ್ತಿಗೆ ಅಥವಾ ಅದಕ್ಕೂ ಮೊದಲೇ ಹಿಂದೆ ಇಲ್ಲದಿದ್ದ ಪ್ರತಿಕಾಯಗಳು ಹೊಸದಾಗಿ ಹುಟ್ಟಿದ್ದವು. 1999ರಲ್ಲಿ ಇದೇ ಬಳಗ ರೋಗಿಯ ಪ್ರತಿಕಾಯವನ್ನೇ ಗಾಳವಾಗಿ ಬಳಸಿ ಪಿ62 ಎಂಬ ಪ್ರೋಟೀನನ್ನು ಹಿಡಿಯಿತು. ಅದೂ ಎಎಫ್‌ಪಿಯ ಹಾಗೆ ಭ್ರೂಣದ ಲಿವರಿನಲ್ಲಿದ್ದು ದೊಡ್ಡವರಲ್ಲಿ ಮರೆಯಾಗಿ ಕ್ಯಾನ್ಸರಿನಲ್ಲಿ ಮರಳುವಂಥದು.

ಪರೀಕ್ಷೆಯ ವಿಧಾನ ಎಲೈಸಾ. ಪ್ಲಾಸ್ಟಿಕ್ ತಟ್ಟೆಯ ಸಣ್ಣ ಗುಳಿಗಳಿಗೆ ಪಿ53, ಪಿ62ರಂಥ ಪ್ರೋಟೀನನ್ನು ಲೇಪಿಸಿ ರೋಗಿಯ ಸೀರಮ್ ಹಾಕುತ್ತಾರೆ. ಪ್ರತಿಕಾಯ ಇದ್ದರೆ ಅಂಟುತ್ತದೆ, ಉಳಿದದ್ದು ತೊಳೆದುಹೋಗುತ್ತದೆ. ಅಂಟಿದ್ದನ್ನು ಹಿಡಿಯುವ ಇನ್ನೊಂದು ಪ್ರತಿಕಾಯವನ್ನು ಹಾಕಿ ಬಣ್ಣ ಬರಿಸಿ ಅಳೆಯುತ್ತಾರೆ.

ಆದರೆ ಮಿತಿ ಇಲ್ಲೂ ದೊಡ್ಡದು. ಪಿ62ರ ವಿರುದ್ಧದ ಪ್ರತಿಕಾಯ ಲಿವರ್ ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ ಸಿಕ್ಕಿತು. ಪಿ53ರದೂ ಹೆಚ್ಚಿನ ಅಧ್ಯಯನಗಳಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಪ್ರತಿಯೊಬ್ಬರ ಗೆಡ್ಡೆಯೂ ಬೇರೆ, ಅದಕ್ಕೆ ದೇಹ ಕೊಡುವ ಉತ್ತರವೂ ಬೇರೆ. ಕ್ಯಾನ್ಸರ್ ಇಲ್ಲದ ಕೆಲವು ಸಿರೋಸಿಸ್ ರೋಗಿಗಳಲ್ಲೂ ಇವು ಸಿಗುತ್ತವೆ. ಅದಕ್ಕೇ ಒಂದರ ಬದಲು ಏಳೆಂಟು ಪ್ರೋಟೀನುಗಳ ಗುಂಪನ್ನು ಒಟ್ಟಿಗೆ ನೋಡುವ ಪ್ರಯತ್ನಗಳು ನಡೆದವು.

6. ಗ್ರಂಥಸಂಪಾದನೆಯ ಪಾಠ

ಗುಂಪು ಮಾಡಿದರೆ ಸಮಸ್ಯೆ ಮುಗಿಯಿತೇ? ಇಲ್ಲಿ ನಾವು ತರಗತಿಯಲ್ಲಿ ಕಲಿತ ಗ್ರಂಥಸಂಪಾದನೆ ನನಗೆ ಸಹಾಯ ಮಾಡಿತು. ಯಾವ ಓಲೆಪ್ರತಿಯೂ ಪೂರ್ತಿ ನಂಬುವಂಥದ್ದಲ್ಲ. ಹಾಗಂತ ಐದು ಪ್ರತಿಗಳು ಒಂದೇ ಪಾಠವನ್ನು ಹೇಳಿದರೆ ಅದೇ ಸರಿ ಎಂದೂ ಅಲ್ಲ. ಐದೂ ಒಂದೇ ಮಾತೃಪ್ರತಿಯಿಂದ ನಕಲಾಗಿದ್ದರೆ ಸಾಕ್ಷಿ ಐದಲ್ಲ, ಒಂದೇ. ಸೂಚಕಗಳೂ ಹಾಗೆಯೇ.

ಒಂದು ಲೆಕ್ಕ ಹಾಕೋಣ. ಇವು ತಿಳಿಯಲಿಕ್ಕೆ ಇಟ್ಟುಕೊಂಡ ಅಂಕಿಗಳು. ಸಿರೋಸಿಸ್ ಇರುವ 1000 ಮಂದಿಯಲ್ಲಿ 20 ಮಂದಿಗೆ ಕ್ಯಾನ್ಸರ್ ಉಂಟು ಅನ್ನೋಣ. ಎಎಫ್‌ಪಿ ನೂರಕ್ಕೆ 60 ಕ್ಯಾನ್ಸರನ್ನು ಹಿಡಿಯುತ್ತದೆ, ಕ್ಯಾನ್ಸರ್ ಇಲ್ಲದ ನೂರರಲ್ಲಿ 10 ಮಂದಿಗೆ ಸುಳ್ಳು ಗಂಟೆ ಬಾರಿಸುತ್ತದೆ ಅಂತ ಇಟ್ಟುಕೊಳ್ಳಿ. ಆಗ 12 ಮಂದಿ ಸಿಕ್ಕರು, 8 ಮಂದಿ ತಪ್ಪಿಹೋದರು, 98 ಮಂದಿ ಸುಮ್ಮನೆ ಹೆದರಿದರು.

ಇದಕ್ಕೆ ಒಂದು ಸ್ವಪ್ರತಿಕಾಯ ಸೇರಿಸೋಣ. ಅದು ನೂರಕ್ಕೆ 20 ಹಿಡಿಯುತ್ತದೆ, ಸುಳ್ಳು ಗಂಟೆ ನೂರಕ್ಕೆ 3 ಮಾತ್ರ. ಎರಡರಲ್ಲಿ ಯಾವುದು ಪಾಸಿಟಿವ್ ಬಂದರೂ ಲೆಕ್ಕಕ್ಕೆ ತೆಗೆದುಕೊಂಡರೆ, ಎರಡೂ ಪರಸ್ಪರ ಸಂಬಂಧವಿಲ್ಲದ ಸಾಕ್ಷಿಗಳಾದಲ್ಲಿ, ಸಿಗುವವರು ಸುಮಾರು 14. ಸುಮ್ಮನೆ ಹೆದರುವವರು ಸುಮಾರು 124. ಎರಡೂ ಒಂದೇ ರೋಗಿಗಳನ್ನು ಹಿಡಿಯುವಂಥವಾದರೆ ಸಿಗುವವರು 12ರಲ್ಲೇ ನಿಲ್ಲುತ್ತಾರೆ, ಹೆದರಿಕೆ ಮಾತ್ರ ಹೆಚ್ಚುತ್ತದೆ. ಎಎಫ್‌ಪಿ ಏರದ ಕೆಲವು ರೋಗಿಗಳಲ್ಲೂ ಸ್ವಪ್ರತಿಕಾಯಗಳು ಸಿಕ್ಕಿವೆ ಎನ್ನುವುದರಲ್ಲಿ ಈ ಕ್ಷೇತ್ರದ ಆಸೆ ಇದೆ. ಎಎಫ್‌ಪಿ ಸುಮ್ಮನಿದ್ದಲ್ಲಿ ಮಾತಾಡುವ ಸಾಕ್ಷಿ ಬೇಕು.

ಇನ್ನೊಂದು ಎಚ್ಚರಿಕೆಯೂ ನಮ್ಮ ಶಿಸ್ತಿನದ್ದೇ. ಒಂದೇ ಪ್ರತಿಯನ್ನು ನೋಡಿ ಲಿಪಿಕಾರನ ತಪ್ಪುಗಳ ಬಗ್ಗೆ ನಿಯಮ ಮಾಡಿದರೆ ಅದು ಆ ಪ್ರತಿಗೆ ಚೆನ್ನಾಗಿ ಹೊಂದುತ್ತದೆ, ಬೇರೆ ಪ್ರತಿಗೆ ಹೊಂದಲಿಕ್ಕಿಲ್ಲ. ಒಂದು ಆಸ್ಪತ್ರೆಯ ನೂರಾರು ಮಂದಿಯಲ್ಲಿ ಆರಿಸಿದ ಸೂಚಕಗಳ ಗುಂಪನ್ನು ಬೇರೆ ಊರಿನ, ಬೇರೆ ಕಾರಣದಿಂದ ಲಿವರ್ ಕೆಟ್ಟ ಜನರಲ್ಲಿ, ರೋಗ ಕಾಣಿಸುವ ಮೊದಲೇ ತೆಗೆದ ರಕ್ತದಲ್ಲಿ ಪರೀಕ್ಷಿಸದೆ ನಂಬುವ ಹಾಗಿಲ್ಲ.

7. ಈಗ ಏನು ಮಾಡಬೇಕು

ಸದ್ಯ ಸ್ವಪ್ರತಿಕಾಯ ಪರೀಕ್ಷೆ ಲಿವರ್ ಕ್ಯಾನ್ಸರಿನ ದಿನನಿತ್ಯದ ತಪಾಸಣೆಯ ಭಾಗವಾಗಿಲ್ಲ. ಅಪಾಯ ಹೆಚ್ಚಿರುವವರಿಗೆ ಶಿಫಾರಸು ಇರುವುದು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್, ಅದರ ಜೊತೆಗೆ ಎಎಫ್‌ಪಿ. ಸಂಶಯ ಬಂದರೆ ಸಿಟಿ ಅಥವಾ ಎಂಆರ್‌ಐ. ಸಿರೋಸಿಸ್ ಇರುವವರಲ್ಲಿ ಈ ಚಿತ್ರಗಳಲ್ಲೇ ಹಲವು ಸಲ ರೋಗ ಖಚಿತವಾಗುತ್ತದೆ.

ಆದರೂ ರಕ್ತಪರೀಕ್ಷೆಯ ಮೇಲೆ ನನ್ನಂಥವರಿಗೆ ಆಸೆ ಇರುವುದಕ್ಕೆ ಕಾರಣ ನಮ್ಮ ಭೂಗೋಳ. ದೊಡ್ಡ ಚಿಕಿತ್ಸೆಗೆ ನಾವು ಮಂಗಳೂರಿಗೆ, ಇಲ್ಲವಾದರೆ ತಲಶ್ಶೇರಿಗೆ, ತಿರುವನಂತಪುರಕ್ಕೆ ಹೋಗಬೇಕು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಕಾಸರಗೋಡಿನ ರೋಗಿಗಳಿಗೆ ಏನಾಯಿತು ಎಂದು ಎಲ್ಲರಿಗೂ ಗೊತ್ತು. ರೋಗಿ ಹೋಗಲಾಗದ ಕಡೆಗೆ ಒಂದು ಟ್ಯೂಬ್ ರಕ್ತ ಹೋಗಬಹುದು.

ಅದು ಬರುವವರೆಗೆ ನಮ್ಮ ಕೈಯಲ್ಲಿ ಇರುವುದು ಕಡಿಮೆಯೇನಲ್ಲ. ಹುಟ್ಟುವಾಗ ಹೆಪಟೈಟಿಸ್ ಬಿ ತಗಲಿದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಗೆ ಅದು ಶಾಶ್ವತವಾಗಿ ಉಳಿಯುತ್ತದೆ. ಅದಕ್ಕೇ ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಬೇಕು. ತೈವಾನ್ 1984ರಲ್ಲಿ ಈ ಲಸಿಕಾ ಕಾರ್ಯಕ್ರಮ ಆರಂಭಿಸಿದ ಮೇಲೆ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿಯಿತು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ, ಸಿ ಎರಡಕ್ಕೂ ಪರೀಕ್ಷೆ, ಔಷಧಿ ಉಚಿತ. ಹೆಪಟೈಟಿಸ್ ಸಿ ಕೆಲವು ತಿಂಗಳ ಮಾತ್ರೆಯಲ್ಲಿ ಬಹುಪಾಲು ಮಂದಿಗೆ ಪೂರ್ತಿ ವಾಸಿಯಾಗುತ್ತದೆ.

ನೆಲನೆಲ್ಲಿಯ ಬಗ್ಗೆಯೂ ಒಂದು ಮಾತು. ಕಾಮಾಲೆ ಬಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಅದೇ. 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಬ್ಲಂಬರ್ಗ್ ಸೇರಿದ್ದ ತಂಡ ನೆಲನೆಲ್ಲಿಯಿಂದ ಹೆಪಟೈಟಿಸ್ ಬಿ ಮರೆಯಾಗುತ್ತದೆ ಎಂಬ ಆಶಾದಾಯಕ ವರದಿಯನ್ನು ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿತು. ನಂತರದ ಪರೀಕ್ಷೆಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ಅಜ್ಜಿಯ ಮದ್ದನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಕಣ್ಣಿನ ಹಳದಿ ಹೋಯಿತು ಎಂದು ರಕ್ತದ ವೈರಸ್ಸನ್ನು ಮರೆಯಬಾರದು ಎನ್ನುವುದಷ್ಟೇ ನನ್ನ ವಿನಂತಿ.

ಕೊನೆಯದಾಗಿ, ಯಾವ ರಿಪೋರ್ಟ್ ಕೈಗೆ ಬಂದರೂ ಮೂರು ಪ್ರಶ್ನೆ ಕೇಳಿ. ಇಲ್ಲಿ ಅಳೆದದ್ದು ಯಾವುದನ್ನು, ಪ್ರತಿಕಾಯವನ್ನೋ ಪ್ರತಿಜನಕವನ್ನೋ? ಇದು ಪಾಸಿಟಿವ್ ಆದರೆ ಒಳ್ಳೆಯದೋ, ಎಚ್ಚರಿಕೆಯೋ? ನಾರ್ಮಲ್ ಬಂದರೂ ಇನ್ನೇನಾದರೂ ಪರೀಕ್ಷೆ ಬಾಕಿ ಉಂಟೋ? ಇಷ್ಟನ್ನು ಡಾಕ್ಟರಲ್ಲಿ ನಮ್ಮ ಭಾಷೆಯಲ್ಲೇ ಕೇಳಬಹುದು. ನನ್ನ ಮಾತುಗಳನ್ನು ಇಲ್ಲಿಗೆ ಮುಗಿಸುತ್ತೇನೆ.

ಸಂವಾದದಿಂದ

ಪ್ರಶ್ನೆ (ಸಹಪಾಠಿ): ಹಾಗಾದರೆ ಆರೋಗ್ಯವಾಗಿರುವ ನಾವೆಲ್ಲ ಈ ಸೂಚಕಗಳ ಪರೀಕ್ಷೆ ಮಾಡಿಸಿಕೊಳ್ಳಬೇಕಾ?

ಉತ್ತರ: ಬೇಡ. ರೋಗ ವಿರಳವಾಗಿರುವ ಗುಂಪಿನಲ್ಲಿ ಸುಳ್ಳು ಗಂಟೆಯೇ ಹೆಚ್ಚು ಬಾರಿಸುತ್ತದೆ, ಲೆಕ್ಕದಲ್ಲಿ ನೋಡಿದೆವಲ್ಲ. ನಾವು ಮಾಡಿಸಬೇಕಾದದ್ದು ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನು. ಬಿ ಇಲ್ಲದಿದ್ದರೆ, ಲಸಿಕೆಯೂ ಆಗಿಲ್ಲದಿದ್ದರೆ, ಲಸಿಕೆ ಹಾಕಿಸಿಕೊಳ್ಳಬೇಕು.

ಪ್ರಶ್ನೆ (ಅಧ್ಯಾಪಕರು): ‘ಪ್ರತಿಕಾಯ’ ಜನರಿಗೆ ಅರ್ಥವಾಗದಿದ್ದರೆ ‘ಆಂಟಿಬಾಡಿ’ ಅಂತಲೇ ಬರೆಯಬಹುದಲ್ಲ?

ಉತ್ತರ: ಬರೆಯಬಹುದು ಸರ್. ನಮ್ಮ ಅಮ್ಮನಿಗೆ ಎರಡೂ ಒಂದೇ, ಯಾವುದೂ ಅರ್ಥವಾಗಿರಲಿಲ್ಲ. ಆ ರಾತ್ರಿ ಅವರಿಗೆ ಬೇಕಾಗಿದ್ದದ್ದು ಪದ ಅಲ್ಲ, “ಇದು ಲಸಿಕೆಯ ಗುರುತು, ಊಟ ಮಾಡಿ” ಎಂಬ ಒಂದು ವಾಕ್ಯ. ಅದನ್ನು ಹೇಳುವಷ್ಟು ನಾವು ತಿಳಿದಿರಬೇಕು.